ಬಿಪಿ ಮಾತ್ರೆಯ ಜೊತೆ ಮಂಡಿನೋವಿನ ಮಾತ್ರೆ: ತಿಳಿದವರು ಹೇಳಿ

ಮುಳಬಾಗಿಲು ಕಡೆಯಿಂದ ಪ್ರಶ್ನೆ: ಅಪ್ಪನಿಗೆ 64 ವರ್ಷ. ಬಿಪಿ 170/100 ಇತ್ತು. ದಿನಕ್ಕೊಂದು ಟೆಲ್ಮಿಸಾರ್ಟನ್ 40, ಒಂದು ಆಮ್ಲೋಡಿಪಿನ್ 5 ಬರೆದುಕೊಟ್ಟರು. ಈಗ 128/80 ಬರುತ್ತಿದೆ, ಆದರೆ ಪಾದ ಊದಿದೆ. ಮಂಡಿನೋವಿಗೆ ಅಂಗಡಿ ಮಾತ್ರೆ ಬೇರೆ ನುಂಗುತ್ತಾರೆ. ಬಿಪಿ ಸರಿಹೋಯಿತಲ್ಲ, ಮಾತ್ರೆ ನಿಲ್ಲಿಸಬಹುದಾ? ಏನೇನು ಜೋಪಾನ ಮಾಡಬೇಕು?

ಚಿಂತಾಮಣಿ, ಔಷಧಿ ಅಂಗಡಿ: ಬಿಪಿ ಮಾತ್ರೆ ಆಮೇಲೆ ನೋಡೋಣ, ಮೊದಲು ಆ ಮಂಡಿನೋವಿನ ಮಾತ್ರೆಯ ಹಾಳೆ ತಿರುಗಿಸಿ ಸಣ್ಣಕ್ಷರ ಓದಿ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್, ನಿಮೆಸುಲೈಡ್, ಎಟೊರಿಕಾಕ್ಸಿಬ್, ಇವುಗಳಲ್ಲಿ ಯಾವುದಿದ್ದರೂ ಟೆಲ್ಮಿಸಾರ್ಟನ್ ಜೊತೆ ದಿನಾ ನುಂಗುವ ಹಾಗಿಲ್ಲ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಎಷ್ಟೋ ಹಳ್ಳಿಗಳಲ್ಲಿ ಕೀಲುನೋವು ಮಾಮೂಲಿ. ಹಾಗಾಗಿ ಈ ಜೋಡಿ ಬಹಳ ಮನೆಗಳಲ್ಲಿ ಸಿಗುತ್ತದೆ, ಯಾರೂ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.

ಕಾರಣ ಇಷ್ಟು. ಕಿಡ್ನಿಯ ಸೋಸುವ ಗಂಟಿಗೆ ರಕ್ತ ಒಳಗೆ ಬರುವ ನಾಳವನ್ನು ನೋವಿನ ಮಾತ್ರೆ ಬಿಗಿಸುತ್ತದೆ, ಹೊರಗೆ ಹೋಗುವ ನಾಳವನ್ನು ಟೆಲ್ಮಿಸಾರ್ಟನ್ ಸಡಿಲಿಸುತ್ತದೆ. ಎರಡೂ ಸೇರಿದರೆ ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ಇದರ ಮೇಲೆ ನೀರಿನ ಮಾತ್ರೆಯೂ ಇದ್ದರೆ (ಮೂತ್ರ ಹೆಚ್ಚು ಮಾಡಿಸುವ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್) ಅಪಾಯ ಇನ್ನೂ ಹೆಚ್ಚು. ನೋವಿನ ಮಾತ್ರೆ ಉಪ್ಪು, ನೀರನ್ನೂ ಮೈಯಲ್ಲಿ ಹಿಡಿದಿಡುತ್ತದೆ, ಬಿಪಿ ಏರಿಸುತ್ತದೆ. ನೋವಿಗೆ ಬರೀ ಪ್ಯಾರಸಿಟಮಾಲ್ 500 ಅಥವಾ 650 ಮಿ.ಗ್ರಾಂ ವಾಸಿ. ಎರಡು ಡೋಸ್ ನಡುವೆ 6 ಗಂಟೆ ಬಿಡಿ, ದಿನಕ್ಕೆ 3 ಗ್ರಾಂ ಮೀರಬೇಡಿ. ಲಿವರ್ ತೊಂದರೆ ಇದ್ದರೆ, ಕುಡಿತ ಇದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ. ನೀರಿಗೆ ಹಾಕಿದರೆ ಬುಸ್ಸೆನ್ನುವ ಪ್ಯಾರಸಿಟಮಾಲ್ ಬೇಡ, ಅದರಲ್ಲಿ ಸೋಡಿಯಂ ಜಾಸ್ತಿ. ಗ್ಯಾಸ್‌ಗೆ ಕುಡಿಯುವ ಈನೋ ಕೂಡ ಅದೇ ಜಾತಿ. ‘ಪ್ಯಾರಸಿಟಮಾಲ್ ಇದೆ’ ಎಂಬ ಮಾತು ನಂಬಿ ತರಬೇಡಿ, ಅಸೆಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್ ಒಂದೇ ಮಾತ್ರೆಯಲ್ಲಿ ಬರುವುದೇ ಹೆಚ್ಚು.

ತುಮಕೂರು, ನರ್ಸ್: ಎರಡು ಕಡೆಯಿಂದ ಮಾತ್ರೆ ತರುತ್ತಿದ್ದೀರಾ ನೋಡಿಕೊಳ್ಳಿ. ಆರೋಗ್ಯ ಕೇಂದ್ರದಲ್ಲಿ ಕೊಡುವ ಹಾಳೆಯ ಮೇಲೆ ಟೆಲ್ಮಿಸಾರ್ಟನ್ ಅಂತಲೇ ಇರುತ್ತದೆ, ಹೊರಗಡೆ ಚೀಟಿಯಲ್ಲಿ ಟೆಲ್ಮಾ ಅಂತ ಇರುತ್ತದೆ. ಬೇರೆ ಬೇರೆ ಅಂದುಕೊಂಡು ಎರಡನ್ನೂ ನುಂಗಿದರೆ ಡಬಲ್ ಡೋಸ್. ಟೆಲ್ಮಾ-ಎಎಂ ಅಂದರೆ ಅದರೊಳಗೇ ಆಮ್ಲೋಡಿಪಿನ್ ಇದೆ, ಟೆಲ್ಮಾ-ಎಚ್ ಅಂದರೆ ನೀರಿನ ಮಾತ್ರೆ ಇದೆ.

ಟೆಲ್ಮಿಸಾರ್ಟನ್ ತೇವ ಹೀರುತ್ತದೆ. ವಾರದ ಮಾತ್ರೆ ಬಿಡಿಸಿ ಡಬ್ಬಿಗೆ ತುಂಬಿಡಬೇಡಿ, ನುಂಗುವಾಗಲೇ ಹಾಳೆ ಒಡೆಯಿರಿ. ಮರೆತರೆ ಅದೇ ದಿನ ನೆನಪಾದಾಗ ಕೊಡಿ. ಮಾರನೇ ದಿನ ನೆನಪಾದರೆ ಒಂದೇ ಕೊಡಿ, ಎರಡು ಸೇರಿಸಿ ಬೇಡ.

ಕೋಲಾರ, ಫಿಸಿಷಿಯನ್: ನಿಲ್ಲಿಸಬೇಡಿ. 128/80 ಇರುವುದು ಮಾತ್ರೆಯಿಂದ. ಬಿಟ್ಟರೆ ಕೆಲವು ದಿನ ಏನೂ ಗೊತ್ತಾಗದು, ಆಮ್ಲೋಡಿಪಿನ್ ರಕ್ತದಿಂದ ನಿಧಾನವಾಗಿ ಇಳಿಯುತ್ತದೆ, ಆ ನೆಮ್ಮದಿಯೇ ಮೋಸ. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೋನಿಡಿನ್ ತೆಗೆದುಕೊಳ್ಳುವವರಂತೂ ಒಮ್ಮೆಗೇ ಬಿಡಲೇಬಾರದು, ಬಿಪಿ ಅಥವಾ ಎದೆಬಡಿತ ಗಕ್ಕನೆ ಏರುತ್ತದೆ.

ಪಾದದ ಊತ ಆಮ್ಲೋಡಿಪಿನ್‌ನಿಂದ ಇರಬಹುದು. ಅದು ಎರಡೂ ಪಾದಕ್ಕೆ, ಸಂಜೆ ಹೊತ್ತಿಗೆ ಹೆಚ್ಚು. ಇದಕ್ಕೆ ನೀರಿನ ಮಾತ್ರೆಯಿಂದ ಅಷ್ಟು ಪ್ರಯೋಜನವಿಲ್ಲ, ಡೋಸ್ ಬದಲಿಸುವುದೇ ದಾರಿ. ಆದರೆ ನೋವಿನ ಮಾತ್ರೆಯಿಂದಲೂ ಊತ ಬರುತ್ತದೆ, ಕಿಡ್ನಿ ಸೋತರೂ ಬರುತ್ತದೆ. ಒಂದೇ ಕಾಲು ಊದಿ ನೋಯುತ್ತಿದ್ದರೆ, ಇಲ್ಲವೇ ಮಲಗಿದಾಗ ಉಸಿರು ಕಟ್ಟಿದರೆ ಅವತ್ತೇ ತೋರಿಸಿ. ಟೆಲ್ಮಿಸಾರ್ಟನ್ ಶುರುವಾದ ಒಂದೆರಡು ವಾರಕ್ಕೆ, ಹೆಚ್ಚೆಂದರೆ ನಾಲ್ಕು ವಾರದೊಳಗೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಂಶ), ಪೊಟ್ಯಾಸಿಯಂ ನೋಡಿರಬೇಕು. ನೋಡಿಲ್ಲದಿದ್ದರೆ ಈ ವಾರವೇ ಮಾಡಿಸಿ. ‘ಬಿಪಿಗೆ ಒಳ್ಳೆಯದು’ ಅಂತ ಮಾರುವ ಲೋ ಸೋಡಿಯಂ ಉಪ್ಪು ಬೇಡ, ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಟೆಲ್ಮಿಸಾರ್ಟನ್ ಜೊತೆ ರಕ್ತದ ಪೊಟ್ಯಾಸಿಯಂ ಮಿತಿಮೀರಬಹುದು. ಎಳನೀರಲ್ಲೂ ಪೊಟ್ಯಾಸಿಯಂ ಇದೆ, ರಿಪೋರ್ಟ್ ಬರುವವರೆಗೆ ದಿನಾ ಕೊಡಬೇಡಿ.

ವಾಂತಿ ಭೇದಿ ಹಿಡಿದು ನೀರೂ ನಿಲ್ಲದಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಟೆಲ್ಮಿಸಾರ್ಟನ್ ಒಂದೆರಡು ದಿನ ತಡೆಹಿಡಿಯಬೇಕಾಗಬಹುದು. ಒಂದು ಮಾತು ಮನೆಯ ಹೆಂಗಸರಿಗೆ: ಗರ್ಭಿಣಿಯರು ಟೆಲ್ಮಿಸಾರ್ಟನ್ ಮುಟ್ಟಬಾರದು, ಮಗುವಿನ ಕಿಡ್ನಿಗೆ ಹಾನಿ. ಅಪ್ಪನ ಮಾತ್ರೆ ಯಾರಿಗೂ ಹಂಚಬೇಡಿ.

ಶಿಡ್ಲಘಟ್ಟ, ಆರೋಗ್ಯ ಕಾರ್ಯಕರ್ತೆ: ನೋಡುವ ರೀತಿ ತಪ್ಪಿದ್ದರೆ ಅಂಕಿಯೂ ತಪ್ಪು. ಕಾಫಿ, ಬೀಡಿ ಆಗಿ ಅರ್ಧ ಗಂಟೆ ಕಳೆದಿರಬೇಕು, ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಿಸಿ. ಪಟ್ಟಿ ಬರಿತೋಳಿಗೆ, ಎದೆಯ ಮಟ್ಟಕ್ಕೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಬೆಳಗ್ಗೆ ಮಾತ್ರೆಗೆ ಮುಂಚೆ ನೋಡಿದರೆ ಡಾಕ್ಟರಿಗೆ ಹೆಚ್ಚು ಉಪಯೋಗ. ಮನೆಯಲ್ಲಿ 135/85 ದಾಟುತ್ತಲೇ ಇದ್ದರೆ ಹತೋಟಿಯಲ್ಲಿಲ್ಲ ಅಂತ. 180/120 ದಾಟಿ ಎದೆನೋವು, ಉಬ್ಬಸ, ಬಾಯಿ ಸೊಟ್ಟ, ಮಾತು ತೊದಲು ಇದ್ದರೆ 108ಕ್ಕೆ ಕರೆ ಮಾಡಿ. ಬೇಗ ಇಳಿಯಲಿ ಅಂತ ನಾಲಿಗೆ ಕೆಳಗೆ ನಿಫೆಡಿಪಿನ್ ಇಡಬೇಡಿ, ಬಿಪಿ ಕುಸಿದು ಲಕ್ವ ಹೊಡೆಯಬಹುದು.

ಪ್ರಶ್ನೆ ಕೇಳಿದವರು: ಹಾಳೆ ನೋಡಿದೆ. ಅಸೆಕ್ಲೋಫೆನಾಕ್ 100, ದಿನಕ್ಕೆ ಎರಡು. ರಕ್ತ ಪರೀಕ್ಷೆ ಮಾಡಿಸಿಲ್ಲ.

ಕೋಲಾರ, ಫಿಸಿಷಿಯನ್: ಅದನ್ನು ಇವತ್ತಿಂದಲೇ ಬಿಡಿಸಿ. ನಾಳೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆಗೆ ರಕ್ತ ಕೊಟ್ಟು, ಮೂರೂ ಹಾಳೆ ಹಿಡಿದು ಬರೆದುಕೊಟ್ಟ ಡಾಕ್ಟರಲ್ಲಿಗೆ ಹೋಗಿ. ಮಂಡಿಗೆ ಏನು ಕೊಡಬೇಕೆಂದೂ ಅಲ್ಲೇ ಕೇಳಿ. ನೋವಿನ ಮಾತ್ರೆ ಬಿಟ್ಟ ಮೇಲೆ ಬಿಪಿ ಇನ್ನಷ್ಟು ಇಳಿಯಬಹುದು, ಒಂದು ವಾರ ದಿನಾ ನೋಡಿ. ಕೂತು ಏಳುವಾಗ ತಲೆ ತಿರುಗಿದರೆ, ನಿಂತ ಮೇಲೂ ಒಮ್ಮೆ ನೋಡಿ. ಮೇಲಿನ ಅಂಕಿ 20 ಇಳಿದರೆ ಅದನ್ನು ಡಾಕ್ಟರಿಗೆ ತಿಳಿಸಿ, ಡೋಸ್ ಕಡಿಮೆ ಮಾಡುವುದು ಅವರಿಗೆ ಬಿಡಿ.