ಸೇಂಟ್ ಹೆಲೆನಾದಿಂದ ಅಸೆನ್ಶನ್‌ಗೆ: ದೂರವೆಷ್ಟು, ಹಾರಾಟಕ್ಕೆ ಎಷ್ಟು ಹೊತ್ತು?

ಪ್ರಶ್ನೆ
ದಕ್ಷಿಣ ಅಟ್ಲಾಂಟಿಕ್ ಸಾಗರದ ಈ ಎರಡು ದ್ವೀಪಗಳ ವಿಮಾನ ನಿಲ್ದಾಣಗಳ ನಡುವೆ ಸುಮಾರು 1,300 ಕಿ.ಮೀ. ಅಂತರವಿದೆ ಎಂದು ಓದಿದ್ದೇನೆ. ಎಂಬ್ರೇರ್ 190 ವಿಮಾನದ ವೇಗವನ್ನು ಗಂಟೆಗೆ 830 ಕಿ.ಮೀ. ಎಂದು ಹಿಡಿದರೆ 94 ನಿಮಿಷ ಸಾಕು. ಆದರೆ ಪ್ರಯಾಣಕ್ಕೆ ಸುಮಾರು ಎರಡು ಗಂಟೆ ಹಿಡಿಯುತ್ತದೆ ಎನ್ನುತ್ತಾರೆ. ದೂರದ ಲೆಕ್ಕ ತಪ್ಪೇ, ಅಥವಾ ಇದು ಗಡಿಯಾರಗಳ ವ್ಯತ್ಯಾಸವೇ?

ಉತ್ತರ 1
ಎರಡೂ ಅಲ್ಲ. ಎರಡು ದ್ವೀಪಗಳಲ್ಲೂ ಗ್ರೀನಿಚ್ ಸಮಯವೇ ಇದೆ. ದೂರವನ್ನು ಕಾಗದದ ಮೇಲೆಯೇ ಪರೀಕ್ಷಿಸಬಹುದು. ಅಕ್ಷಾಂಶದ ಅಂತರ ಸುಮಾರು 8 ಡಿಗ್ರಿ. ಡಿಗ್ರಿಗೆ 60 ನಾಟಿಕಲ್ ಮೈಲಿಯಂತೆ (ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.) 480. ರೇಖಾಂಶದ ಅಂತರ ಸುಮಾರು 8.7 ಡಿಗ್ರಿ, ಸಮಭಾಜಕದಿಂದ ದೂರ ಸರಿದಂತೆ ರೇಖಾಂಶಗಳು ಹತ್ತಿರವಾಗುವುದರಿಂದ ಅದನ್ನೂ 60ರಿಂದ ಗುಣಿಸಿ, ಬಳಿಕ ನಡುವಣ ಅಕ್ಷಾಂಶವಾದ 12 ಡಿಗ್ರಿಯ ಕೊಸೈನ್ 0.98ರಿಂದ ಗುಣಿಸಿದರೆ ಸುಮಾರು 512 ಸಿಗುತ್ತದೆ. ಇವೆರಡನ್ನು ಲಂಬಕೋನ ತ್ರಿಭುಜದ ಬಾಹುಗಳೆಂದು ಭಾವಿಸಿದರೆ ವಿಕರ್ಣ 702 ನಾಟಿಕಲ್ ಮೈಲಿ, ಅಂದರೆ 1,300 ಕಿ.ಮೀ. ಇಷ್ಟು ಕಡಿಮೆ ದೂರಕ್ಕೆ ಭೂಮಿಯ ದುಂಡುತನವನ್ನು ಇದಕ್ಕಿಂತ ಸೂಕ್ಷ್ಮವಾಗಿ ಲೆಕ್ಕಿಸಬೇಕಾಗಿಲ್ಲ.

ಉತ್ತರ 2
ವ್ಯತ್ಯಾಸವಿರುವುದು ವೇಗದಲ್ಲಿ. 830 ಎಂಬುದು ವಿಮಾನ ಎತ್ತರಕ್ಕೇರಿದ ಮೇಲಿನ ವೇಗ. ಏರುವಾಗ, ಇಳಿಯುವಾಗ ಅದು ಬಹಳ ಕಡಿಮೆ. ವೇಳಾಪಟ್ಟಿಯ ಸಮಯವಾದರೋ ವಿಮಾನ ನಿಂತಲ್ಲಿಂದ ಕದಲಿದ ಕ್ಷಣದಿಂದ ಮತ್ತೆ ನಿಲ್ಲುವವರೆಗಿನದು. ಚಿಕ್ಕ ಹಾರಾಟಗಳಲ್ಲಿ ನಿಮ್ಮ ಭಾಗಾಕಾರಕ್ಕೆ 20ರಿಂದ 30 ನಿಮಿಷ ಸೇರಿಸುವುದು ನನ್ನ ರೂಢಿ. ಅಲ್ಲಿ ಬೀಸುವ ಆಗ್ನೇಯ ವಾಣಿಜ್ಯ ಮಾರುತ ಹಿಂದಿನಿಂದ ತಳ್ಳೀತೆಂದು ಸಮಯ ಕಳೆಯಬೇಡಿ. ಅದು ಕೆಳಸ್ತರದ ಗಾಳಿ, ವಿಮಾನ ಹಾರುವುದು ಅದಕ್ಕಿಂತ ಮೇಲೆ.

ಪ್ರಶ್ನೆ ಕೇಳಿದವರು
ಧನ್ಯವಾದಗಳು, ಈಗ ಲೆಕ್ಕ ಕೂಡಿಬಂತು. ಇನ್ನೊಂದು ಸಂದೇಹ: ತಲುಪಿದ ದ್ವೀಪದಲ್ಲಿ ಇಳಿಯಲು ಆಗದಿದ್ದರೆ?

ಉತ್ತರ 3
ಇಂಥ ನಿಲ್ದಾಣಗಳ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ಹತ್ತಿರದಲ್ಲಿ ಪರ್ಯಾಯ ನಿಲ್ದಾಣವಿಲ್ಲದ ತಾಣಕ್ಕೆ ಹೊರಡುವ ಜೆಟ್ ವಿಮಾನವು, ಅಲ್ಲಿಗೆ ತಲುಪಿದ ಮೇಲೂ ಎರಡು ಗಂಟೆ ಹಾರಲು ಸಾಕಾಗುವಷ್ಟು ಇಂಧನವನ್ನು ಹೊತ್ತಿರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಎಂದರೆ ಇಲ್ಲಿ ಪ್ರಯಾಣಕ್ಕೆ ಬೇಕಾದಷ್ಟೇ ಇಂಧನ ಮೀಸಲಾಗಿಯೂ ಬೇಕು, ಆ ಭಾರಕ್ಕೆ ತಕ್ಕಂತೆ ಜನರನ್ನೋ ಸರಕನ್ನೋ ಕಡಿಮೆ ಮಾಡಬೇಕಾಗಿ ಬರಬಹುದು. ಸೇಂಟ್ ಹೆಲೆನಾದ ರನ್‌ವೇ ಕಡಿದಾದ ಬಂಡೆಗಳ ನೆತ್ತಿಯ ಮೇಲಿದೆ. ಉತ್ತರದ ತುದಿಯಿಂದ ಇಳಿಯುವಾಗ ಗಾಳಿಯ ವೇಗವೂ ದಿಕ್ಕೂ ಹಠಾತ್ತನೆ ಬದಲಾಗುವ ವಿಂಡ್ ಶಿಯರ್ 2016ರ ಪರೀಕ್ಷಾ ಹಾರಾಟಗಳಲ್ಲಿ ಕಂಡುಬಂದದ್ದರಿಂದಲೇ ನಿಯಮಿತ ಸೇವೆ 2017ರ ಅಕ್ಟೋಬರ್ 14ರವರೆಗೆ ತಡವಾಯಿತು. ಅಲ್ಲಿಯವರೆಗೆ ಕೇಪ್‌ಟೌನ್‌ನಿಂದ ಹಡಗಿನಲ್ಲಿ ಐದಾರು ದಿನ ಪಯಣಿಸಬೇಕಿತ್ತು.