ಅಟ್ಟದ ಮೇಲೆ ಸಿಕ್ಕ ಕರೀ ಕಡತ, ಬರೀ ರಾಗಿ ಹುರುಳಿ ಲೆಕ್ಕ. ಇಟ್ಕೊಳ್ಳೋದಾ, ಕೊಟ್ಬಿಡೋದಾ?

ಶಿರಾ ಸೀಮೆಯವ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಾ ಕಡೆ ಒಂದು ಹಳ್ಳಿ, ತಾತನ ಕಾಲದವರೆಗೂ ಮನೇಲಿ ಶಾನುಭೋಗಿಕೆ ಇತ್ತು. ಹಳೇ ಮನೆ ಕೆಡವೋಕೆ ಮುಂಚೆ ಅಟ್ಟ ಖಾಲಿ ಮಾಡ್ತಿದ್ವಿ, ಮರದ ಪೆಟ್ಟಿಗೇಲಿ ಕರೀ ಬಟ್ಟೆ ಪುಸ್ತಕ ಸಿಕ್ತು, ಮಡಚಿ ಮಡಚಿ ಇಟ್ಟಿದೆ, ಬಿಚ್ಚಿದ್ರೆ ನಡುಮನೆ ಉದ್ದಕ್ಕೂ ಬರುತ್ತೆ, ಎರಡೂ ಕೊನೆಗೆ ಹಲಗೆ ಅಂಟಿಸಿದ್ದಾರೆ. ಬಿಳೀ ಅಕ್ಷರ. ಕೂಡಿಸಿಕೊಂಡು ಓದಿದಾಗ ಖರ ಸಂವತ್ಸರ, ನೀರಗಂಟಿ, ಹುರುಳಿ, ರಾಗಿ ಅಂತ ಕೆಲವು ಪದ ಸಿಕ್ಕವು, ಉಳಿದದ್ದೆಲ್ಲ ಗೀಟುಗಳು. ದೊಡ್ಡಪ್ಪನ ಮಗ ಹಳೇ ಸಾಮಾನು ಕೊಳ್ಳೋರಿಗೆ ಕೊಟ್ಬಿಡೋಣ ಅಂತಿದ್ದಾನೆ, ರಾಜರ ವಿಷಯ ಏನೂ ಇಲ್ಲ ಬರೀ ಲೆಕ್ಕ ಅಂತ. ನನಗೆ ಮನಸ್ಸಿಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮೂರ ಜನ ಹೇಗೆ ಬದುಕ್ತಿದ್ರು ಅಂತ ಇಂಥ ಲೆಕ್ಕದಿಂದ ನಿಜವಾಗ್ಲೂ ತಿಳಿಯುತ್ತಾ? ಧೂಳು ಜಾಸ್ತಿ ಇದೆ, ಒದ್ದೆ ಬಟ್ಟೇಲಿ ಒರೆಸಬಹುದಾ?

ಲಿಪಿಪ್ರಿಯ:
ಒದ್ದೆ ಬಟ್ಟೆ ತಾಗಿಸಲೇಬೇಡಿ ಸರ್! ಅದು ಇಂಕ್ ಅಲ್ಲ, ಬಳಪ. ಒರೆಸಿದ್ರೆ ಹೋಗೇ ಹೋಗುತ್ತೆ, ಅಳಿಸಿ ಮತ್ತೆ ಬರೆಯೋಕೆ ಅಂತಾನೇ ಆ ಬಟ್ಟೆ ಮಾಡ್ತಿದ್ದದ್ದು. ಎಣ್ಣೆನೂ ಬೇಡ, ಅದು ತಾಳೆಗರಿಗೆ. ಮೆತ್ತನೆ ಒಣ ಬ್ರಷ್‌ನಲ್ಲಿ ಹಲಗೆ ಮೇಲಿನ ಧೂಳು ಮಾತ್ರ ತೆಗೀರಿ, ಅಕ್ಷರದ ಮೇಲೆ ಆಡಿಸಬೇಡಿ.

ಇಂಥ ಬಟ್ಟೆ ಪುಸ್ತಕಕ್ಕೇ ಕಡತ ಅನ್ನೋದು. 1803ರಿಂದ 1808ರವರೆಗೆ ಮೈಸೂರಲ್ಲಿ ರೆಸಿಡೆಂಟ್, ಅಂದ್ರೆ ಕಂಪನಿಯ ಪ್ರತಿನಿಧಿ ಆಗಿದ್ದ ಮಾರ್ಕ್ ವಿಲ್ಕ್ಸ್ ಈ ಕಡತಗಳ ಬಗ್ಗೆ ಬರೆದಿಟ್ಟಿದ್ದಾನೆ. ಎಂಟು ಇಂಚಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿ ಬಟ್ಟೆಗೆ ಎರಡೂ ಕಡೆ ಗಂಜಿ, ಇದ್ದಿಲು ಪುಡಿ ಬಳಿದು ಒಣಗಿಸಿ ಮಡಚೋದು, ಕೊನೆಗೆ ತೆಳು ಹಲಗೆ. ನೀವು ಹೇಳ್ತಿರೋದು ಹಾಗೇ ಇದೆ.

ವರ್ಷದ ವಿಷಯ. ಖರ ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತೆ, 1771, 1831, 1891, ಮೂರರಲ್ಲಿ ಯಾವುದು ಅಂತ ದುಡ್ಡು ನೋಡಿ ಗುರುತಿಸಬೇಕು. ರೂಪಾಯಿ ಆಣೆ ಇದ್ರೆ 1891 ಇರಬಹುದು, ವರಹ, ಹಣ ಅಂತ ಹಳೇ ನಾಣ್ಯಗಳ ಹೆಸರಿದ್ರೆ ಹಿಂದಕ್ಕೆ ಹೋಗಿ. 1831 ಆಗಿದ್ರೆ ಅದೇ ವರ್ಷ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ತಗೊಂಡಿದ್ದು, ಅಂಥ ವರ್ಷದಲ್ಲಿ ಒಂದು ಹಳ್ಳೀಲಿ ಎಷ್ಟು ಕಂದಾಯ ವಸೂಲಾಯ್ತು, ಎಷ್ಟು ಬಾಕಿ ಉಳೀತು ಅನ್ನೋದು ಸಣ್ಣ ವಿಷಯ ಅಲ್ಲ.

ಗೀಟುಗಳಿಗೆ ಹೆದರಬೇಡಿ, ಅವು ಭಿನ್ನರಾಶಿ. ನಿಂತ ಗೀಟು ಒಂದೊಂದೂ ಕಾಲು, ಮಲಗಿದ ಗೀಟು ಒಂದೊಂದೂ ವೀಸ ಅಂದ್ರೆ ಹದಿನಾರನೇ ಒಂದು ಪಾಲು. ೨ ಆದ್ಮೇಲೆ ಎರಡು ನಿಂತ ಗೀಟು, ಅದರ ಮುಂದೆ ಎರಡು ಮಲಗಿದ ಗೀಟು ಇದ್ರೆ ಎರಡೂವರೆ ಮೇಲೆ ಎರಡು ವೀಸ. ಧಾನ್ಯದ ಅಳತೆಗಳನ್ನ ಮೊದಲಕ್ಷರದಲ್ಲೇ ಮುಗಿಸಿರ್ತಾರೆ, ಖ ಅಂದ್ರೆ ಖಂಡುಗ, ಕೊ ಅಂದ್ರೆ ಕೊಳಗ, 20 ಕೊಳಗಕ್ಕೆ ಒಂದು ಖಂಡುಗ. ಆದ್ರೆ ಕೊಳಗದ ಗಾತ್ರ ಊರಿಂದ ಊರಿಗೆ ಬೇರೆ, ಹಾಗಾಗಿ ಈಗಿನ ಕೆಜಿ ಲೆಕ್ಕಕ್ಕೆ ತರೋಕೆ ಆತುರ ಬೇಡ.

ಮಲಪ್ರಭಾ ದಂಡಿ:
ಬರೀ ಲೆಕ್ಕ ಅಂತ ಅನಬ್ಯಾಡ್ರಿ, ಆ ಲೆಕ್ಕದಾಗನ ಇಡೀ ಊರು ಕುಂತಿರ್ತೈತಿ. ನೀರಗಂಟಿ ಹೆಸರು ಸಿಕ್ಕೈತಿ ಅಂದ್ರ ಕೆರಿ ನೀರು ಹಂಚಾಂವಗ ಕೊಟ್ಟ ಕಾಳಿನ ಲೆಕ್ಕ ಇರಬಹುದು. ಅದರ ಹಿಂದಮುಂದ ನೋಡ್ರಿ, ತಳವಾರ, ತೋಟಿ, ಬಡಗಿ, ಕಮ್ಮಾರ, ಕುಂಬಾರ, ಅಗಸ ಒಬ್ಬೊಬ್ಬರ ಬರ್ತಾರ. ಇವರಿಗೆ ಪಗಾರ ಇದ್ದಿದ್ದಿಲ್ಲ, ಸುಗ್ಗಿ ಆದಮ್ಯಾಲೆ ಕಣದಾಗ ರಾಶಿಯಿಂದ ಆಯ ಅಂತ ಕಾಳಿನ ಪಾಲು ಕೊಡ್ತಿದ್ರು. 1800-01ರಾಗ ಕಂಪನಿ ಕಡೆಯಿಂದ ಬುಕಾನನ್ ಅನ್ನಾಂವ ಮೈಸೂರು ಸೀಮಿ ತಿರುಗಿದಾಗ ಈ ರಾಶಿ ಹಂಚಿಕಿ ಕೂತು ಬರಕೊಂಡಾನ, ದೇವರ ಪಾಲು ಎಷ್ಟು, ಯಾರ್ಯಾರಿಗೆ ಎಷ್ಟು, ಸರ್ಕಾರಕ್ಕ ಎಷ್ಟು ಅಂತ. ಅಂವ ಹಾದಿಗೆ ಹೋಗಾಂವ, ಮಂದಿ ಬಾಯಿಲೆ ಕೇಳಿ ಬರದ. ನಿಮ್ಮ ಕಡತ ಹಂಗಲ್ಲ, ಕಾಳು ಅಳದ ಕೈನ ಬರದದ್ದು. ನಮ್ಮ ಧಾರವಾಡ ಕಡೆ ಇಂಥಾ ಕಾಗದ ಮೋಡಿ ಲಿಪಿಯೊಳಗ, ಅಂದ್ರ ಮರಾಠಿ ಕೂಡಿಸಿ ಬರಿಯೋ ಹಳೇ ಲಿಪಿಯೊಳಗ ಅದಾವು, ಪೇಶ್ವೆ ಆಳಿಕಿ 1818ರಾಗ ಮುಗದ ಮ್ಯಾಲೂ ಬರಿಯೋ ರೂಢಿ ನಿಲ್ಲಲಿಲ್ಲ. ಓದಾವರು ಸಿಗದ ಎಷ್ಟೋ ಮನಿಯಾಗ ಗಂಟು ಹಂಗ ಬಿದ್ದಾವ. ನಿಮ್ಮದು ಕನ್ನಡದಾಗ ಐತಿ, ಪುಣ್ಯಾ ಮಾಡೀರಿ.

ಹಳೇಬೀಡು ಬಸ್:
ನಾನು ಸ್ವಲ್ಪ ಬೇರೆ ಹೇಳ್ತೀನಿ. ಜನಜೀವನ ಬೇಕಂದ್ರೆ ಕೈಫಿಯತ್ತು, ಅಂದ್ರೆ ಊರಿನವರು ಹೇಳಿದ ಊರ ಇತಿಹಾಸ ಓದಿ, ಕಂಪನಿಯ ಅಧಿಕಾರಿ ಮೆಕೆಂಜಿ ಮೈಸೂರು ಸರ್ವೆ ಮಾಡುವಾಗ ಅವನ ಕಡೆಯವರು ಊರೂರಿಗೆ ಹೋಗಿ ಬರೆಸಿಕೊಂಡಿದ್ದು, ಹಂಪಿ ಕನ್ನಡ ವಿಶ್ವವಿದ್ಯಾಲಯ ಕನ್ನಡದವನ್ನ ಅಚ್ಚು ಮಾಡಿದೆ. ಅಲ್ಲಿ ಕಥೆ ಇದೆ, ಕೆರೆ ಕಟ್ಟಿಸಿದವರು, ಊರು ಯಾಕೆ ಹಾಳಾಯ್ತು, ಜಾತ್ರೆ, ಎಲ್ಲಾ. ಶಾನುಭೋಗರ ಲೆಕ್ಕ ಅಂದ್ರೆ ಸರ್ಕಾರಕ್ಕೆ ತೋರಿಸೋಕೆ ಬರೆದಿದ್ದು, ಅದನ್ನ ಪೂರ್ತಿ ನಂಬೋದು ಕಷ್ಟ.

ಲಿಪಿಪ್ರಿಯ:
ಕೈಫಿಯತ್ತನ್ನೂ ಸರ್ಕಾರದ ಕಡೆಯವರು ಕೇಳಿದಾಗಲೇ ಹೇಳಿದ್ದು ಅಲ್ವಾ. ಕಂಪನಿ ಮನುಷ್ಯ ಬಂದು ನಿಮ್ಮೂರ ಇತಿಹಾಸ ಹೇಳಿ ಅಂದ್ರೆ ಯಾರಾದ್ರೂ ತಮ್ಮ ಮಾನ್ಯ, ತಮ್ಮ ಉಂಬಳಿ (ದಾನ, ಇನಾಮಾಗಿ ಬಂದ ಜಮೀನು), ತಮ್ಮ ಹಕ್ಕು ಮುಂದಿಟ್ಟೇ ಹೇಳ್ತಾರೆ. ಎರಡೂ ಬೇಕು. ಆದ್ರೆ ದಿನದ ಬದುಕಿಗೆ ನಾನು ಲೆಕ್ಕದ ಕಡೆಗೇ ನಿಲ್ತೀನಿ, ಯಾಕಂದ್ರೆ ಅಂಥ ಲೆಕ್ಕದಲ್ಲಿ ಮಾತ್ರ ಕಾಣೋ ಸಂಗತಿಗಳಿವೆ. ಒಂದು ಉದಾಹರಣೆ. ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಮೈಸೂರು ಸೀಮೇಲಿ 769 ಸಣ್ಣಪುಟ್ಟ ತೆರಿಗೆ ರದ್ದಾದವು ಅಂತ ಬಿ.ಎಲ್. ರೈಸ್ ಸಾಹೇಬರ ಮೈಸೂರು ಗೆಜೆಟಿಯರ್‌ನಲ್ಲಿದೆ. ಮದುವೆಗೆ ತೆರಿಗೆ, ಮಗು ಹುಟ್ಟಿದ್ರೆ ತೆರಿಗೆ, ಹೆಸರಿಟ್ರೆ, ತಲೆ ಬೋಳಿಸಿದ್ರೆ ತೆರಿಗೆ. ಯಾವುದೋ ಪಾಳೇಗಾರನ ಕುದುರೆ ತಪ್ಪಿಸಿಕೊಂಡಾಗ ಹುಡುಕಿ ಕೊಡಲಿಲ್ಲ ಅಂತ ಒಂದು ಊರಿನವರು ತಲೆಮಾರುಗಳ ಕಾಲ ತೆರಿಗೆ ಕಟ್ತಿದ್ರು. ಶಿವಮೊಗ್ಗ ಕಡೆಯ ನಗರ ಸೀಮೇಲಿ ಒಂದು ಜಾಗ, ಅಲ್ಲಿ ಕೈ ಮೈಗೆ ಅಂಟಿಸಿಕೊಳ್ಳದೆ ನಡೆದ್ರೆ ದುಡ್ಡು ಕೊಡಬೇಕಿತ್ತು. ಇವೆಲ್ಲ ಸರ್ಕಾರದ ದಫ್ತರಲ್ಲಿ ಆದಾಯ ಅಂತ ದಾಖಲಾಗಿದ್ದವು. ಬಡವನೊಬ್ಬ ಮಗಳ ಮದುವೆ ಮಾಡಿದ್ದು ಯಾವ ಕಾವ್ಯದಲ್ಲೂ ಬರಲ್ಲ, ತೆರಿಗೆ ಕಟ್ಟಿದ ಸಾಲಲ್ಲಿ ಬರುತ್ತೆ.

ಕರಾವಳಿ ಓದುಗಿ:
ಈ ಮಾತು ಒಪ್ಪಿದೆ, ಆದರೆ ಒಂದು ಸೇರಿಸ್ಬೇಕು. ಲೆಕ್ಕದಲ್ಲಿ ಬರುವುದು ಕೊಟ್ಟವರು ಮತ್ತು ತಗೊಂಡವರು ಮಾತ್ರ. ನಮ್ಮ ಕಡೆ ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಕಾಯಂ ಅಲ್ಲದ ಗೇಣಿ) ಲೆಕ್ಕಗಳಲ್ಲಿ ಅಕ್ಕಿ ಮುಡಿ ಎಷ್ಟು, ಒಡೆಯನಿಗೆ ಬೆಳೆಯಲ್ಲಿ ಕೊಡುವ ಬುಳೆಕಾಣಿಕೆಗೆ ಬಾಳೆಗೊನೆ ತೆಂಗಿನಕಾಯಿ ಎಷ್ಟು ಎಲ್ಲಾ ಉಂಟು, ಒಕ್ಕಲಿನ ಗಂಡಸಿನ ಹೆಸರೂ ಉಂಟು, ಆ ಭತ್ತ ನೆಟ್ಟ, ಕುಟ್ಟಿದ ಹೆಂಗಸರು ಎಲ್ಲಿದ್ದಾರೆ? ಮೂಲದಾಳುಗಳು ಅಂತ ಜಮೀನಿನ ಜೊತೆಗೇ ಇಟ್ಟುಕೊಂಡಿದ್ದ ಜನರಂತೂ ಎಷ್ಟೋ ಕಡೆ ಎತ್ತು ಕೋಣಗಳ ಜೊತೆ ಒಂದು ಸಂಖ್ಯೆ. ಬುಕಾನನ್ ಕೆನರಾಕ್ಕೆ, ಅಂದರೆ ನಮ್ಮ ಕರಾವಳಿಗೆ ಬಂದಾಗ ಅವರ ಬೆಲೆ, ಅವರಿಗೆ ದಿನಕ್ಕೆ ಅಳೆದು ಕೊಡುವ ಅಕ್ಕಿ ಬರೆದುಕೊಂಡಿದ್ದಾನೆ. 1843ರಲ್ಲಿ ಕಂಪನಿ ಕಾಯ್ದೆ ಬಂತು, ಅಲ್ಲಿಂದ ಮುಂದೆ ಆಳನ್ನು ಸ್ವತ್ತು ಅಂತ ಕೋರ್ಟಿನಲ್ಲಿ ಕೇಳಲು ಆಗುತ್ತಿರಲಿಲ್ಲ, ಆದರೆ ಗದ್ದೆಯಲ್ಲಿ ಜೀತ ನಿಂತದ್ದಲ್ಲ. ಹಾಗಾಗಿ ಓದುವಾಗ ಹೆಸರಿಲ್ಲದೆ ಬರೀ ಆಳು, ಹೆಣ್ಣಾಳು ಅಂತ ಬಂದ ಸಾಲುಗಳನ್ನು ದಯಮಾಡಿ ಹಾರಿಸಬೇಡಿ. ಅವರ ಬಗ್ಗೆ ಬೇರೆ ಎಲ್ಲಿಯೂ ಬರೆದಿರುವುದಿಲ್ಲ. ಕೂಲಿಯಲ್ಲಿ ಗಂಡಿಗೆ ಎಷ್ಟು ಹೆಣ್ಣಿಗೆ ಎಷ್ಟು ಅಂತ ಒಂದು ಕಡೆ ಸಿಕ್ಕಿದರೂ ಅದು ದೊಡ್ಡ ವಿಷಯ.

ಶಿರಾ ಸೀಮೆಯವ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲಿಪಿಪ್ರಿಯ ಹೇಳಿದ ಹಾಗೆ ಗೀಟು ಓದಿ ನೋಡಿದೆ, ನಿಜವಾಗ್ಲೂ ಕೂಡಿಕೊಂಡು ಬಂತು! ವರಹ, ಹಣ ಅಂತಾನೇ ಇದೆ, ರೂಪಾಯಿ ಎಲ್ಲೂ ಕಾಣಲಿಲ್ಲ. ಪೆಟ್ಟಿಗೇಲಿ ಕಾಗದದ ಕಟ್ಟೂ ಒಂದಿದೆ, ಅದರಲ್ಲಿ ಮಾತ್ರ ರೂಪಾಯಿ ಆಣೆ, ಮೇಲೆ ಧಾತು ಸಂ|| ಅಂತ ಬರೆದಿದೆ. ಅದು ಯಾವ ಕಾಲ?

ಲಿಪಿಪ್ರಿಯ:
ಧಾತು ಅಂದ್ರೆ 1876-77 ಸರ್, ಅದಾದ್ಮೇಲೆ ಈಶ್ವರ. ದೊಡ್ಡ ಬರದ ವರ್ಷಗಳು. ಮೈಸೂರು ಸೀಮೇಲಿ 1871ರ ಗಣತಿ ಪ್ರಕಾರ 50 ಲಕ್ಷದ ಮೇಲೆ ಜನ ಇದ್ರು, 1881ರಲ್ಲಿ ಸುಮಾರು 42 ಲಕ್ಷ. ಕಟ್ಟನ್ನ ಅನುಕ್ರಮ ಕೆಡಿಸದೆ ಹಾಗೇ ಇಡಿ, ದಾರ ಬಿಚ್ಚಿದ್ರೂ ಹಾಳೆ ಹಿಂದುಮುಂದು ಆಗಬಾರದು. ಹಿಂದಿನ ವರ್ಷ ಕಂದಾಯ ಕಟ್ಟಿದ ಹೆಸರುಗಳು ಧಾತು, ಈಶ್ವರದಲ್ಲಿ ಎಷ್ಟು ಉಳಿದಿವೆ, ಯಾರ ಹೊಲ ಬೀಳು ಅಂತ ಬಂದಿದೆ, ಸಾಲ ಯಾರ ಹೆಸರಿಗೆ ತಿರುಗಿದೆ ಅಂತ ಸಾಲು ಸಾಲಾಗಿ ಹೋಲಿಸಬೇಕು. ಜಿಲ್ಲೆ ಲೆಕ್ಕ ಪುಸ್ತಕಗಳಲ್ಲಿದೆ, ಒಂದು ಊರಿನ ಲೆಕ್ಕ ನಿಮ್ಮ ಪೆಟ್ಟಿಗೇಲಿ ಇರಬಹುದು. ದೊಡ್ಡಪ್ಪನ ಮಗನಿಗೆ ಇದನ್ನ ತೋರಿಸಿ.

ಫೋಟೋ ತೆಗೆಯುವಾಗ ಫ್ಲಾಶ್ ಬೇಡ, ಕಿಟಕಿ ಪಕ್ಕ ಇಟ್ಟು ಓರೆ ಬೆಳಕಲ್ಲಿ ತೆಗೆದ್ರೆ ಅಳಿಸಿ ಬರೆದ ಕೆಳಗಿನ ಅಕ್ಷರದ ಗುರುತೂ ಕೆಲವು ಕಡೆ ಕಾಣುತ್ತೆ. ಪ್ರತಿ ಮಡಿಕೆಗೂ ನಂಬರ್ ಚೀಟಿ ಪಕ್ಕದಲ್ಲಿಡಿ, ಅಂಟಿಸಬೇಡಿ. ಲ್ಯಾಮಿನೇಷನ್ ಬೇಡವೇ ಬೇಡ. ಬೆಂಗಳೂರಿನ ರಾಜ್ಯ ಪತ್ರಾಗಾರ ಅಥವಾ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಹೇಗೆ ಕಾಪಾಡೋದು ಅಂತ ಒಂದು ಸಲ ಕೇಳಿ. ಕಡತದ ಮೊದಲ ನಾಲ್ಕು ಮಡಿಕೆ ಫೋಟೋ ಇಲ್ಲಿ ಹಾಕಿ, ನಾನು ಓದೋಕೆ ಶುರು ಮಾಡ್ತೀನಿ, ಧಾತು ಕಟ್ಟನ್ನ ಆಮೇಲೆ ನೋಡೋಣ.

ಮಲಪ್ರಭಾ ದಂಡಿ:
ನಾನೂ ಅದೀನ್ರಿ. ಕಾಗದದ ಕಟ್ಟಿನ್ಯಾಗ ಎಲ್ಲರ ಮೋಡಿ ಬಂದ್ರ ನನಗ ಕಳಸ್ರಿ.