ಬೆಂಗಳೂರು–ಲಂಡನ್: ಲೆಕ್ಕಕ್ಕೆ 9 ಗಂಟೆ, ಟಿಕೆಟ್‌ನಲ್ಲಿ 10:50 ಯಾಕೆ?

ಪ್ರಶ್ನೆ: ಸರ್, ಬೆಂಗಳೂರಿನಿಂದ ಲಂಡನ್‌ನ ಹೀಥ್ರೂ ಏರ್‌ಪೋರ್ಟ್‌ಗೆ ಸುಮಾರು 8,050 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂದ್ರೆ 9 ಗಂಟೆ ಸಾಕಲ್ವಾ? ಟಿಕೆಟ್‌ನಲ್ಲಿ 10 ಗಂಟೆ 50 ನಿಮಿಷ ಇದೆ. ವಾಪಸ್ ಬರುವಾಗ ಮಾತ್ರ ಒಂದು ಗಂಟೆಗೂ ಮೀರಿ ಉಳಿಯುತ್ತೆ!

ಉತ್ತರ (ಫ್ಲೈಟ್ ಡಿಸ್ಪ್ಯಾಚರ್, ಅಂದರೆ ವಿಮಾನದ ದಾರಿ ಯೋಜಿಸೋರು): 8,050 ಅನ್ನೋದು ಗ್ಲೋಬ್ ಮೇಲೆ ದಾರ ಎಳೆದು ಹಿಡಿದ ಅಳತೆ. ಆ ದಾರ ಕಛ್, ಬಲೂಚಿಸ್ತಾನ, ಇರಾನ್, ಕಪ್ಪು ಸಮುದ್ರ, ಉಕ್ರೇನ್ ಕಡೆಯಿಂದ ಹೋಗುತ್ತೆ. ಉಕ್ರೇನ್ ಆಕಾಶ 2022ರ ಫೆಬ್ರವರಿಯಲ್ಲೇ ಮುಚ್ಚಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನವೂ ಭಾರತೀಯ ಕಂಪನಿಗಳ ವಿಮಾನಗಳಿಗೆ ದಾರಿ ಮುಚ್ಚಿತು. ಹಾಗಾಗಿ ಸುತ್ತು. ಎಷ್ಟು ಸುತ್ತು ಅನ್ನೋದು ಕಂಪನಿ ಯಾವುದು, ಆ ದಿನದ ಗಾಳಿ ಹೇಗಿದೆ ಅನ್ನೋದರ ಮೇಲೆ.

ಉದಾಹರಣೆಗೆ 8,600 ಕಿ.ಮೀ. ಅಂತಿಟ್ಟುಕೊಳ್ಳಿ. 900 ಅನ್ನೋದು ಗಾಳಿಯೊಳಗಿನ ವೇಗ, ನೆಲದ ಮೇಲಿನದ್ದಲ್ಲ. ಮೇಲೆ ಜೆಟ್ ಸ್ಟ್ರೀಮ್ ಅನ್ನೋ ರಭಸದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ. ಸರಾಸರಿ 60 ಕಿ.ಮೀ. ಎದುರುಗಾಳಿ ಇದ್ದರೆ ಉಳಿಯೋದು 840. ಭಾಗಿಸಿದರೆ 10 ಗಂಟೆ 14 ನಿಮಿಷ. ಟಿಕೆಟ್‌ನ ಸಮಯ ಗೇಟ್‌ನಿಂದ ಗೇಟ್‌ಗೆ. ರನ್‌ವೇವರೆಗಿನ ಓಡಾಟ, ಏರುವಾಗ ಇಳಿಯುವಾಗಿನ ನಿಧಾನ, ಹೀಥ್ರೂ ಮೇಲೆ ಸರದಿಗಾಗಿ ಹೊಡೆಯೋ ಸುತ್ತುಗಳು ಸೇರಿ ಇನ್ನೊಂದು 35 ನಿಮಿಷ. ಅಲ್ಲಿಗೆ ನಿಮ್ಮ 10:50 ಬಂತು. ಬರುವಾಗ ಅದೇ ಗಾಳಿ ಬೆನ್ನಿಗೆ: 960ರಂತೆ 8:57, ಮೇಲೆ 35. ಒಟ್ಟು ಒಂಬತ್ತೂವರೆ.

ಪ್ರಶ್ನೆ: ಅಮ್ಮ ಏಪ್ರಿಲ್‌ನಲ್ಲಿ ಹೊರಡ್ತಾರೆ. ಜನವರಿಯಲ್ಲಿ ಇದೇ ವಿಮಾನ ಮಧ್ಯಾಹ್ನ 1:10ಕ್ಕೆ ಬಿಟ್ಟು ಸಂಜೆ 6:30ಕ್ಕೆ ತಲುಪ್ತಿತ್ತು. ಅದೇ ಟೈಮ್ ಇರುತ್ತಾ?

ಉತ್ತರ: ಇಲ್ಲೇ ಜನ ಎಡವೋದು, ಮೇಡಂ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. 1:10ರಿಂದ 6:30ಕ್ಕೆ 5:20, ಅದಕ್ಕೆ 5:30 ಕೂಡಿಸಿದರೆ ಅದೇ 10:50. ಮಾರ್ಚ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ, ವ್ಯತ್ಯಾಸ ನಾಲ್ಕೂವರೆ ಆಗುತ್ತೆ. ಹೀಥ್ರೂನಲ್ಲಿ ಇಳಿಯೋಕೆ ಪ್ರತಿ ವಿಮಾನಕ್ಕೂ ಗೊತ್ತುಮಾಡಿದ ಸಮಯ ಇರುತ್ತೆ, ಅದೇ ಸ್ಲಾಟ್. ಅಲ್ಲಿನ ಗಡಿಯಾರದಲ್ಲಿ ಅದೇ 6:30ರ ಸ್ಲಾಟ್ ಉಳಿಸಿಕೊಂಡರೆ ಬೆಂಗಳೂರಿನಿಂದ 12:10ಕ್ಕೇ ಬಿಡಬೇಕು. ಜನವರಿಯ ಟಿಕೆಟ್ ನೋಡಿ ಕ್ಯಾಬ್ ಬುಕ್ ಮಾಡಬೇಡಿ.

ಪ್ರಶ್ನೆ: ದುಬೈ ಮೇಲೆ ಹೋದ್ರೆ ತುಂಬಾ ಸುತ್ತಾ?

ಉತ್ತರ: ದೂರದಲ್ಲಿ ಅಲ್ಲ. ಬೆಂಗಳೂರು–ದುಬೈ ಸುಮಾರು 2,700, ದುಬೈ–ಲಂಡನ್ ಸುಮಾರು 5,500. ನೇರ ಗೆರೆಗಿಂತ 150 ಕಿ.ಮೀ. ಜಾಸ್ತಿ, ಅಷ್ಟೇ. ಸಮಯ ತಿನ್ನೋದು ದುಬೈನಲ್ಲಿ ಕಾಯೋದು. ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟ್‌ನ ದುಡ್ಡು ನಿಮ್ಮ ಕೈಯಿಂದಲೇ.